ಬಾಗಿಲನ್ನು ಬಿಟ್ಟ ಸಾಲು

"ಓಡಿಸಮ್ಮ," ಎಂದಳು ಜಿಗಣೆ. "ಅವತ್ತು ಹೇಗೆ ಓಡಿಸಿದ್ಯೋ ಹಾಗೇ ಓಡಿಸು. ಒಂದು ಕೂದಲೆಳೆ ಆಚೀಚೆ ಆಗಬಾರದು."

ಹಸಿರಕ್ಕ ಕೀಬೋರ್ಡಿನ ಮೇಲೆ ಕೈಯಿಟ್ಟಳು. ತೆಗೆದಳು. ಬೆವೆತ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ಇಟ್ಟಳು.

"ಅದೇ ಕೋಡು, ಅದೇ ಯಂತ್ರ ಮೇಡಂ. ಬರೋ ಫಲಿತಾಂಶವೂ ಅದೇ."

"ಬರಲಿ ಬಿಡು. ಬೇಡ ಅಂದೋರ್ಯಾರು?"

ವಿಮಾ ಕಂಪನಿ ಕಳಿಸಿದ್ದ ಈ ಪತ್ತೇದಾರಿಣಿಗೆ ಆಫೀಸಿನವರು ಮೊದಲ ದಿನವೇ ಜಿಗಣೆ ಎಂದು ಹೆಸರಿಟ್ಟಿದ್ದರು. ಹಿಡಿದರೆ ಬಿಡುವ ಪೈಕಿಯಲ್ಲ. ಹೆಸರು ಅವಳ ಕಿವಿಗೂ ಬಿತ್ತು. ಸಿಟ್ಟು ಮಾಡಿಕೊಳ್ಳುವ ಬದಲು, "ಜಿಗಣೆ ಕೆಟ್ಟ ರಕ್ತ ಮಾತ್ರ ಹೀರೋದು ಕಣ್ರಪ್ಪಾ, ಒಳ್ಳೆಯವರು ಯಾಕೆ ಹೆದರ್ತೀರಿ?" ಎಂದು ನಕ್ಕಿದ್ದಳು. ಆಮೇಲೆ ಆ ಹೆಸರನ್ನು ಜೋರಾಗಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹಸಿರಕ್ಕನ ಹೆಸರಿಗೂ ಒಂದು ಕಾರಣವಿತ್ತು. ಇಲ್ಲಿ ಲಿಫ್ಟುಗಳನ್ನು ನಡೆಸುವ ಪ್ರೋಗ್ರಾಂ ಬರೆಯುತ್ತಾರೆ. ಬರೆದದ್ದನ್ನು ಪರೀಕ್ಷೆ ಮಾಡುವವಳು ಇವಳು. ಪರೀಕ್ಷೆಗಳೆಲ್ಲ ಪಾಸಾದರೆ ಪರದೆಯ ಕೊನೆಯಲ್ಲಿ ಒಂದು ಹಸಿರು ಗೆರೆ ಬರುತ್ತದೆ. ಅವಳು ಕುರ್ಚಿಯಿಂದಲೇ "ಹಸಿರು!" ಎಂದು ಕೂಗಿದ ಮೇಲಷ್ಟೇ ಪ್ರೋಗ್ರಾಂ ಆಫೀಸಿನ ಬಾಗಿಲು ದಾಟುವುದು.

ಹಾಗೆ ಅವಳು ಹಸಿರು ಎಂದು ಕೂಗಿದ ಲಿಫ್ಟೊಂದು ಬಾಗಿಲು ತೆರೆದುಕೊಂಡೇ ಮೇಲಕ್ಕೆ ಹೊರಟು ಕಟ್ಟಡದ ಕಾವಲುಗಾರನ ಕಾಲು ನಜ್ಜುಗುಜ್ಜು ಮಾಡಿತ್ತು. ಆಸ್ಪತ್ರೆಯಲ್ಲಿ ಅವನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಬಾಗಿಲು ತೆರೆದಿದ್ದರೆ ಲಿಫ್ಟನ್ನು ತಡೆಯುವ ತಂತಿಯನ್ನು ಅಡ್ಡದಾರಿಯಲ್ಲಿ ಜೋಡಿಸಿದ್ದಾನೆಂದು ಪೊಲೀಸರು ಅಲ್ಲಿಯ ಮೆಕ್ಯಾನಿಕ್‌ನನ್ನು ಎಳೆದೊಯ್ದಿದ್ದರು. ಆ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಹಸಿರಕ್ಕನ ಬೆನ್ನಿಗೆ ಬಿದ್ದ ತಮ್ಮ.

ಇವತ್ತು ಬೆಳಗ್ಗೆ ಮನೆ ಬಿಡುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅಷ್ಟು ದೊಡ್ಡ ಕಂಪನಿಯಲ್ಲಿದ್ದೀಯ. ತಂತಿ ಮುಟ್ಟೋ ಹುಡುಗ ಅಲ್ಲ ಅವನು ಅಂತ ಒಂದು ಮಾತು ಹೇಳೋಕೆ ನಿನಗೇನು ಕಷ್ಟ?" ಎಂದಿದ್ದಳು. ಹಸಿರಕ್ಕ ಚಪ್ಪಲಿ ಮೆಟ್ಟಿಕೊಂಡು ತಲೆ ತಗ್ಗಿಸಿ ಹೊರಟುಬಂದಿದ್ದಳು. ಏನು ಕಷ್ಟ ಅಂತ ಹೇಗೆ ಹೇಳುವುದು?

ಮಧ್ಯಾಹ್ನದ ಹೊತ್ತು. ಪರೀಕ್ಷಾ ಕೋಣೆಯಲ್ಲಿ ಇಬ್ಬರೇ. ಗೋಡೆಗೆ ಒರಗಿಸಿದ ಮಾದರಿ ಲಿಫ್ಟಿನ ಬಾಗಿಲು, ಪಕ್ಕದಲ್ಲಿ ಮಹಡಿ ಗುಂಡಿಗಳ ಹಲಗೆ, ಕಾಲಡಿಯಲ್ಲಿ ತಂತಿಗಳ ಜಡೆ. ಕಂಪ್ಯೂಟರಿಗೆ ಅಂಟಿಸಿದ್ದ ಮೊಹರಿನ ಪಟ್ಟಿಯನ್ನು ಜಿಗಣೆ ಈಗಷ್ಟೇ ಹರಿದಿದ್ದಳು. ಅಪಘಾತದ ಸುದ್ದಿ ಬಂದ ದಿನ ಅವಳೇ ಅಂಟಿಸಿದ್ದ ಪಟ್ಟಿ ಅದು. ಅಲ್ಲಿಂದೀಚೆಗೆ ಆ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ.

"ಇದು ಯಾರದಮ್ಮ?" ಜಿಗಣೆ ಮೇಜಿನ ಮೇಲಿದ್ದ ಕೆಂಪು ಹಿಡಿಯ ಸ್ಕ್ರೂಡ್ರೈವರ್ ಎತ್ತಿ ತಿರುಗಿಸಿ ನೋಡಿದಳು. "ನೀವು ಕೋಡಿನವರು. ತಿರುಪಿಗೂ ನಿಮಗೂ ಏನು ಸಂಬಂಧ?"

"ನನ್ನ ತಮ್ಮಂದು. ಒಂದು ಸಲ ಬಂದಾಗ ಬಿಟ್ಟುಹೋದ."

"ಓಹೋ." ಅವಳು ಅದನ್ನು ಇದ್ದ ಜಾಗದಲ್ಲೇ ಇಟ್ಟಳು. "ಸರಿ, ನನಗೆ ಅರ್ಥ ಆಗೋ ಹಾಗೆ ಹೇಳು. ಏನು ಮಾಡ್ತೀಯ ನೀನು?"

ಕೆಲಸದ ಮಾತು ಬಂದದ್ದೇ ಹಸಿರಕ್ಕನಿಗೆ ಸ್ವಲ್ಪ ಉಸಿರಾಡುವಂತಾಯಿತು.

"ಬರೆಯೋರು ಮನುಷ್ಯರಿಗೆ ಅರ್ಥ ಆಗೋ ಹಾಗೆ ಬರೀತಾರೆ. ಅದನ್ನ ಕಂಪೈಲ್ ಮಾಡಿದ್ರೆ ಯಂತ್ರಕ್ಕೆ ಅರ್ಥ ಆಗೋ ಹಾಗಾಗುತ್ತೆ. ಆಮೇಲೆ ಪುಟ್ಟ ಪುಟ್ಟ ಪರೀಕ್ಷೆ ಓಡಿಸ್ತೀನಿ. ಗುಂಡಿ ಒತ್ತಿದ್ರೆ ದೀಪ ಹತ್ತುತ್ತಾ? ಭಾರ ಜಾಸ್ತಿಯಾದ್ರೆ ಗಂಟೆ ಹೊಡೆಯುತ್ತಾ? ಒಂದೊಂದು ಪಾಸಾದ ಹಾಗೂ ಒಂದೊಂದು ಚುಕ್ಕಿ ಬೀಳುತ್ತೆ. ಎಲ್ಲಾ ಮುಗಿದ್ರೆ ಹಸಿರು."

"ಇದಕ್ಕೆಲ್ಲ ಮೌಸು ಬೇಡವಾ? ನಮ್ಮ ಆಫೀಸಲ್ಲಿ ಬೆಳಗಿಂದ ಸಂಜೆವರೆಗೂ ಅದನ್ನೇ ಉಜ್ಜುತಾ ಕೂರ್ತಾರೆ."

"ಬಣ್ಣದ ಗುಂಡಿ ಇರೋ ಸಾಫ್ಟ್‌ವೇರೂ ಇದೆ ಮೇಡಂ. ನಮ್ಮ ಮೇಷ್ಟ್ರು ಒಪ್ಪಲ್ಲ. ಗುಂಡಿ ಒತ್ತಿದ್ರೆ ಒಳಗೇನಾಯ್ತು ಅಂತ ಗೊತ್ತಾಗಲ್ಲ, ಕಪ್ಪು ಪರದೆ ಮೇಲೆ ಕಮಾಂಡ್ ನೀನೇ ಬರಿ, ಬರೆದ್ರೆ ಪ್ರತಿ ಪರೀಕ್ಷೆ ಹೆಸರೂ ನಿನ್ನ ಕಣ್ಣ ಮುಂದೆ ಹಾಯುತ್ತೆ ಅಂತಾರೆ. ನನಗೆ ಹಾಗೇ ಕಲಿಸಿದ್ದು."

ಹೀಗೆ ಹೇಳುತ್ತಲೇ ಅವಳ ಬಲಗೈಯ ಬೆರಳು ತನ್ನಷ್ಟಕ್ಕೆ ತಾನು ಜಾರಿ ಮೇಲ್ಮುಖದ ಬಾಣವಿದ್ದ ಕೀಲಿಯನ್ನು ಒತ್ತಿತು. ಹಿಂದೆ ಬರೆದಿದ್ದ ಸಾಲು ಪರದೆಗೆ ಬಂತು. ಎಂಟರ್ ಹೊಡೆದಳು.

ಚುಕ್ಕಿಗಳು ಸಾಲಾಗಿ ಬಿದ್ದವು. ಹಸಿರು ಗೆರೆ ಬಂತು.

"ನೋಡಿದ್ರಾ?" ಎಂದಳು. ಧ್ವನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

ಜಿಗಣೆ ಹಸಿರು ಗೆರೆಯತ್ತ ನೋಡಲಿಲ್ಲ. ಹಸಿರಕ್ಕನ ಬೆರಳನ್ನು ನೋಡುತ್ತಿದ್ದಳು.

"ಬರೆದ್ರೆ ಹೆಸರು ಕಣ್ಣ ಮುಂದೆ ಹಾಯುತ್ತೆ ಅಂದೆ. ನೀನು ಬರೀಲೇ ಇಲ್ಲವಲ್ಲೇ?"

ಹಸಿರಕ್ಕ ಬೆರಳನ್ನು ಕೀಲಿಯಿಂದ ಹಿಂದಕ್ಕೆಳೆದುಕೊಂಡಳು.

"ಅದು... ಬಾಣ ಒತ್ತಿದ್ರೆ ಹಳೇ ಸಾಲು ವಾಪಸ್ ಬರುತ್ತೆ. ಓಡಿಸೋ ಸಾಲು ಸಿಗೋವರೆಗೂ ಒತ್ತೋದು, ಸಿಕ್ಕ ತಕ್ಷಣ ಎಂಟರ್. ಎಲ್ಲರೂ ಹಾಗೇ ಮಾಡ್ತಾರೆ ಮೇಡಂ. ದಿನಾ ಅಷ್ಟುದ್ದ ಯಾರು ಬರೀತಾರೆ?"

"ಅವತ್ತೂ ಹಾಗೇ ಮಾಡಿದೆ."

"ಹೂಂ."

"ಈಗ ಆ ಸಾಲಲ್ಲಿ ಯಾವ್ಯಾವ ಪರೀಕ್ಷೆ ಇದೆ, ಜೋರಾಗಿ ಓದಮ್ಮ. ನನ್ನ ಕನ್ನಡಕಕ್ಕೆ ನಿಮ್ಮ ಅಕ್ಷರ ಎಟುಕಲ್ಲ."

ಅಯ್ಯೋ, ಇದೊಂದು ಪ್ರಶ್ನೆ ಬರಬಾರದು ಎಂದೇ ಅವಳು ಇಷ್ಟು ದಿನ ನಿದ್ದೆಗೆಟ್ಟಿದ್ದದ್ದು. ಓದಿದಳು. ಓದದೆ ಇನ್ನೇನು ಮಾಡುವುದು?

"ಗುಂಡಿ. ದೀಪ. ಭಾರ. ಮಹಡಿ. ಬ್ರೇಕು."

"ಮುಂದೆ?"

"ಅಷ್ಟೇ."

"ಬಾಗಿಲು?"

ಹಸಿರಕ್ಕ ಸಾಲನ್ನು ಮತ್ತೆ ಮೊದಲಿನಿಂದ ಕೊನೆಯವರೆಗೆ ನೋಡಿದಳು.

"ಬಾಗಿಲು ಎಲ್ಲಮ್ಮಾ?" ಜಿಗಣೆಯ ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಬಾಗಿಲಿಂದು ನಿಧಾನ ಮೇಡಂ. ಬಾಗಿಲು ಮುಚ್ಚೋಕೆ ನಿಜವಾಗಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತೆ ಆ ಪರೀಕ್ಷೆ. ಚಿಕ್ಕಪುಟ್ಟದ್ದೇನಾದ್ರೂ ನೋಡೋವಾಗ ಅದೊಂದನ್ನ ಬಿಟ್ಟು ಓಡಿಸ್ತಿದ್ದೆ. ಹಾಗೆ ಯಾವತ್ತೋ ಬರೆದ ಸಾಲು ಅದು. ಅವತ್ತು ಬಾಣ ಒತ್ತಿದಾಗ ಅದೇ ಬಂತು. ನಾನು ಓದಲಿಲ್ಲ. ಹಸಿರು ಬಂತು, ಕೂಗಿದೆ."

"ಅಷ್ಟೊಂದು ಅವಸರ ಏನಿತ್ತು?"

"ತಮ್ಮ ಬೆಳಗ್ಗೆ ಬೆಳಗ್ಗೇನೇ ಬಿಡದೆ ಫೋನ್ ಮಾಡ್ತಿದ್ದ. ಆ ಕಟ್ಟಡದ ಲಿಫ್ಟ್ ಕೈಗೆ ಕೊಡೋದು ತಡವಾದ್ರೆ ಅವನ ಕೆಲಸ ಹೋಗೋದ್ರಲ್ಲಿತ್ತು. 'ಅಕ್ಕಾ, ಇವತ್ತೊಂದು ಹಸಿರು ಅಂದುಬಿಡೇ' ಅಂತ." ಅವಳು ಮುಖ ಮುಚ್ಚಿಕೊಂಡಳು. "ನಾನು ಮಾಡಿದ್ದಕ್ಕೆ ಅವನು ಒಳಗೆ ಕೂತಿದ್ದಾನೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೀನಿ. ನಾನು ಅಕ್ಕ ಅಲ್ಲ ಮೇಡಂ, ರಾಕ್ಷಸಿ."

ಜಿಗಣೆ ಚೀಲದಿಂದ ನೀರಿನ ಬಾಟಲಿ ತೆಗೆದು ಮುಂದಿಟ್ಟಳು.

"ರಾಕ್ಷಸಿ ಆಮೇಲಾಗು. ಮೊದಲು ಬಾಗಿಲಿಂದು ಓಡಿಸು. ಈ ಸಲ ಬೆರಳಲ್ಲಿ ಬರಿ."

ಹಸಿರಕ್ಕ ಬರೆದಳು. ಒಂದೊಂದೇ ಅಕ್ಷರ, ಮೊದಲ ದಿನ ಕಲಿತವಳ ಹಾಗೆ. ಎಂಟರ್ ಹೊಡೆದಳು. ಪರದೆ ಕಾಯಿತು. ಇಬ್ಬರೂ ಕಾದರು. ಈ ಕಾಯುವಿಕೆಗೆ ಬೇಸತ್ತೇ ಅಲ್ಲವೇ ಇಷ್ಟೆಲ್ಲ ಆದದ್ದು ಎಂದುಕೊಂಡಳು ಅವಳು. ಕಾವಲುಗಾರನ ಒಂದು ಕಾಲಿಗೆ ಹೋಲಿಸಿದರೆ ಇದು ಎಷ್ಟು ಹೊತ್ತು?

ಕೆಂಪು ಬಂತು. ಕೆಳಗೆ ಒಂದು ಸಾಲು: ಬಾಗಿಲು ತೆರೆದಿದೆ, ಲಿಫ್ಟ್ ನಿಂತಿರಬೇಕಿತ್ತು, ಚಲಿಸಿತು.

"ಅಂದ್ರೆ ತಂತಿ ಯಾರೂ ಮುಟ್ಟಿಲ್ಲ," ಎಂದಳು ಜಿಗಣೆ ಮೆಲ್ಲಗೆ.

"ಇಲ್ಲ. ತಪ್ಪು ಪ್ರೋಗ್ರಾಮಿನಲ್ಲೇ ಇದೆ. ಅವನನ್ನ ಬಿಡಿಸಿ ಮೇಡಂ. ಏನಿದ್ರೂ ನನ್ನ ಮೇಲೆ ಬರ್ಕೊಳ್ಳಿ." ಅಳು ಬಂತು. ಆದರೂ, ಹೇಳಿಬಿಟ್ಟೆನಲ್ಲ ಎಂದು ಎಲ್ಲೋ ಒಂದು ಮೂಲೆಯಲ್ಲಿ ಹಗುರವೂ ಆಯಿತು.

ಜಿಗಣೆ ಏಳಲಿಲ್ಲ. ಹಿಡಿದರೆ ಬಿಡುವವಳಲ್ಲ ಎಂದು ಆಗಲೇ ಹೇಳಿದೆನಲ್ಲ.

"ಬಾಣ ಒತ್ತಿದ್ರೆ ಹಳೇ ಸಾಲು ಬರುತ್ತೆ ಅಂದೆ. ಹಾಗಾದ್ರೆ ಈ ಯಂತ್ರ ಬರೆದದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತೆ ಅಂತಾಯ್ತು. ಎಲ್ಲಾ ಒಟ್ಟಿಗೆ ತೋರಿಸುತ್ತಾ?"

ತೋರಿಸುತ್ತದೆ. ಹಸಿರಕ್ಕನಿಗೆ ಗೊತ್ತಿತ್ತು. ನೋಡಲು ಧೈರ್ಯ ಮಾಡಿರಲಿಲ್ಲ. ತನ್ನ ಸೋಮಾರಿತನ ಸಾಲುಸಾಲಾಗಿ ಕಾಣುವುದನ್ನು ಯಾರು ನೋಡಬಯಸುತ್ತಾರೆ? ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೇಳಿದಳು. ಯಂತ್ರ ಹಳೆಯ ಕಮಾಂಡುಗಳನ್ನೆಲ್ಲ ಪರದೆಗೆ ಸುರಿಯಿತು.

"ಇದು ಪ್ರೋಗ್ರಾಂ ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ," ಎಂದು ಬೆರಳಿಟ್ಟು ತೋರಿಸಿದಳು. "ಹೊಸ ಕೋಡು ಬಂತು. ಕಂಪೈಲ್ ಮಾಡಿದೆ. ಅಷ್ಟರಲ್ಲಿ ಮೀಟಿಂಗಿಗೆ ಕರೆದ್ರು. ವಾಪಸ್ ಬಂದವಳು ಬ್ಯಾಗ್ ತಗೊಂಡು ಮನೆಗೆ ಹೊರಟೆ. ಇದು ಮಾರನೇ ದಿನ ಬೆಳಗ್ಗೆ ಬಾಣ ಒತ್ತಿ ಓಡಿಸಿದ್ದು. ಇದರ..."

ಬೆರಳು ಮತ್ತೆ ಮೇಲಿನ ಸಾಲಿಗೆ ಹೋಯಿತು.

ಕಂಪೈಲ್ ಮಾಡಿದ ಸಾಲಿಗೂ ಬೆಳಗಿನ ಸಾಲಿಗೂ ನಡುವೆ ಏನೂ ಇರಬಾರದಿತ್ತು. ಮೂರು ಸಾಲುಗಳಿದ್ದವು.

"ಏನಮ್ಮಾ? ಮುಖ ಯಾಕೆ ಬಿಳುಚಿಕೊಂಡಿತು?"

"ಇವು ನಾನು ಬರೆದಿದ್ದಲ್ಲ."

ಜಿಗಣೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಒಂದೊಂದಾಗಿ ಹೇಳು."

"ಮೊದಲನೇದು ಪುಟ್ಟ ಕಮಾಂಡು, ಮೂರೇ ಅಕ್ಷರ. 'ನಾನೀಗ ಯಾವ ಫೋಲ್ಡರಲ್ಲಿದ್ದೀನಿ' ಅಂತ ಯಂತ್ರವನ್ನ ಕೇಳೋದು. ಎರಡನೇದು ಬಾಗಿಲಿನ ಪರೀಕ್ಷೆ. ಅದೊಂದೇ. ಮೂರನೇದು..." ಅವಳು ಪರದೆಯತ್ತ ಇನ್ನಷ್ಟು ಬಾಗಿದಳು. "ಬಾಗಿಲನ್ನು ಬಿಟ್ಟು ಉಳಿದದ್ದೆಲ್ಲ. ಬೆಳಗ್ಗೆ ನನ್ನ ಬಾಣಕ್ಕೆ ಸಿಕ್ಕಿದ್ದು ಇದೇ ಸಾಲು."

"ಅಂದ್ರೆ ಯಾರೋ ಇಲ್ಲಿ ಕೂತು ಬಾಗಿಲಿಂದು ಓಡಿಸಿದ್ರು. ಅವರಿಗೆ ಏನು ಕಾಣಿಸಿರುತ್ತೆ?"

"ಕೆಂಪು. ಈಗ ನಮಗೆ ಕಂಡದ್ದೇ."

"ಕೆಂಪು ನೋಡಿದ್ರು. ನೋಡಿ, ಯಾರಿಗೂ ಹೇಳದೆ, ಬಾಗಿಲು ಬಿಟ್ಟು ಒಂದು ಸಾಲು ಬರೆದಿಟ್ಟು ಹೋದ್ರು. ಬೆಳಗ್ಗೆ ನೀನು ಬಂದು ಕಣ್ಣು ಮುಚ್ಚಿ ಒತ್ತಲಿ ಅಂತ." ಜಿಗಣೆ ಕನ್ನಡಕ ತೆಗೆದು ಒರೆಸಿದಳು. "ಇದು ಮರೆವಲ್ಲ ಮಗಳೇ. ಬೇಕಂತಲೇ ಮಾಡಿದ್ದು."

ಹೇಳಿದರೆ ನಾಚಿಕೆ, ಆದರೆ ಹಸಿರಕ್ಕನಿಗೆ ಆ ಕ್ಷಣ ಆದದ್ದು ಖುಷಿ. ತಾನಲ್ಲ! ಇನ್ಯಾರೋ! ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತಾರೆ, ಇವಳಿಗೆ ಹಗ್ಗವೇ ಸಿಕ್ಕಂತಾಗಿತ್ತು. ಆ ಖುಷಿಯಲ್ಲೇ ನಾಲಿಗೆ ಜಾರಿತು.

"ಮೊದಲು ನಾನೆಲ್ಲಿದ್ದೀನಿ ಅಂತ ಕೇಳೋದು ನಮ್ಮ ಮೇಷ್ಟ್ರ ಚಟ. ಇಡೀ ಆಫೀಸಲ್ಲಿ ಇನ್ಯಾರೂ ಹಾಗೆ ಮಾಡಲ್ಲ."

ಜಿಗಣೆ ಆಗಲೇ ಮೇಷ್ಟ್ರನ್ನು ಕರೆಸಲು ಬಾಗಿಲ ಬಳಿ ಇದ್ದಳು.

ಮೇಷ್ಟ್ರು ಅಂದರೆ ಇಲ್ಲಿಯ ಮುಖ್ಯ ಎಂಜಿನಿಯರು. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಒಳಗೆ ಬಂದು ಪರದೆಯ ಮೇಲಿನ ಕೆಂಪು ಗೆರೆ ನೋಡಿದವರೇ ಗೋಡೆ ಹಿಡಿದು ನಿಂತರು.

"ಬಾಗಿಲು ಫೇಲಾಗಿದೆಯಾ? ಇದೇ ಕೋಡಲ್ಲಿ? ಯಾರಮ್ಮ ಹೇಳಿದ್ದು ಇದಕ್ಕೆ ಹಸಿರು ಅಂತ?"

ಹಸಿರಕ್ಕ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದಳು ಜಿಗಣೆ. "ಈ ಮೂರು ಸಾಲು ನೋಡಿ. ಮೊದಲನೇದು ಯಾರ ಅಭ್ಯಾಸ?"

ಅವರು ಬಗ್ಗಿ ನೋಡಿದರು. "ನನ್ನದು. ಮನೆಗೆ ನುಗ್ಗೋ ಮುಂಚೆ ಇದು ನನ್ನ ಮನೆಯೇ ಅಂತ ನೋಡ್ಕೋಬೇಕು, ಅಲ್ವಾ? ತಪ್ಪು ಫೋಲ್ಡರಲ್ಲಿ ನಿಂತು ಸರಿಯಾದ ಕಮಾಂಡ್ ಕೊಟ್ರೂ ಅನಾಹುತವೇ."

"ಒಪ್ಪಿಕೊಳ್ತೀರಿ ಹಾಗಾದ್ರೆ."

"ಅಭ್ಯಾಸ ಒಪ್ಪಿಕೊಂಡೆ. ಯಾಕೆ?"

"ಬಿಡುಗಡೆಯ ಹಿಂದಿನ ದಿನ ಈ ಕುರ್ಚಿಯಲ್ಲಿ ಕೂತವರು ಬಾಗಿಲು ಕೆಟ್ಟಿದೆ ಅಂತ ಕಣ್ಣಾರೆ ಕಂಡಿದ್ದಾರೆ. ಕಂಡು ಮುಚ್ಚಿಟ್ಟಿದ್ದಾರೆ. ಆ ಕಟ್ಟಡದವರು ತಡವಾದ್ರೆ ಕೆಲಸವನ್ನೇ ಕಿತ್ಕೊಳ್ತೀವಿ ಅಂತ ನಿಮ್ಮನ್ನ ಹೆದರಿಸಿದ್ರಂತೆ. ಹೌದಾ?"

ಮೇಷ್ಟ್ರ ಮುಖ ಕೆಂಪಾಯಿತು. "ನೀವು ಏನು ಹೇಳ್ತಿದ್ದೀರಿ ಅಂತ ಗೊತ್ತಾ ನಿಮಗೆ?"

"ಚೆನ್ನಾಗಿ ಗೊತ್ತು. ನೀವು ಬರೆದ್ರಾ ಈ ಸಾಲು?"

ಆಗ ಹಸಿರಕ್ಕನಿಗೆ ನೆನಪಾಯಿತು. ಬಿಡುಗಡೆಯ ಆ ವಾರ ಮೇಷ್ಟ್ರು ಆಫೀಸಿಗೇ ಬಂದಿರಲಿಲ್ಲ. ಕಣ್ಣಿನ ಆಪರೇಷನ್ ಆಗಿತ್ತು. ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋದವಳು ತಾನೇ. ಪಟ್ಟಿ ಕಟ್ಟಿದ ಕಣ್ಣನ್ನು ಇತ್ತ ತಿರುಗಿಸಿ, "ಒಬ್ಬಳೇ ನಿಭಾಯಿಸ್ತೀಯಾ?" ಎಂದು ಅವರು ಕೇಳಿದ್ದರು. "ನಾನಿದ್ದೀನಲ್ಲ ಸರ್," ಎಂದಿದ್ದಳು.

ಈಗ ಒಂದು ಮಾತು ಹೇಳಿದರೆ ಸಾಕು. ಮೇಷ್ಟ್ರು ಪಾರು.

ಹೇಳಲಿಲ್ಲ. ಹೇಳಿದರೆ ಆ ಮೂರು ಸಾಲು ಮತ್ತೆ ತನ್ನ ಮಡಿಲಿಗೇ ಬೀಳುತ್ತದಲ್ಲ! ಇನ್ನೊಂದು ಗಳಿಗೆ, ಇನ್ನೊಂದೇ ಒಂದು ಗಳಿಗೆ ಇನ್ನೊಬ್ಬರ ಮೇಲಿರಲಿ ಎಂದು ಹಲ್ಲು ಕಚ್ಚಿ ಕೂತಳು. ಅನ್ನ ಕೊಟ್ಟ ವಿದ್ಯೆ ಕಲಿಸಿದವರನ್ನು ಕಣ್ಣೆದುರೇ ಸಿಕ್ಕಿಹಾಕಿಸುತ್ತಿದ್ದೇನೆ ಎಂದು ಗೊತ್ತಿತ್ತು. ಗೊತ್ತಿದ್ದೂ ನಾಲಿಗೆ ಏಳಲಿಲ್ಲ.

ಮೇಷ್ಟ್ರು ಅವಳತ್ತ ತಿರುಗಿದರು. "ನೀನಾದ್ರೂ ಹೇಳಮ್ಮ. ನಾನೆಲ್ಲಿದ್ದೆ ಅವತ್ತು?"

ಅವಳು ನೆಲ ನೋಡಿದಳು.

"ಹಣ್ಣು ತಂದಿದ್ಯಲ್ಲಮ್ಮ. ಸಿಪ್ಪೆ ಬಿಡಿಸಿ ಕೈಗಿಟ್ಟಿದ್ದೂ ನೀನೇ. ಅಷ್ಟು ಬೇಗ ಮರೆತುಹೋಯ್ತಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮೆತ್ತನೆಯ ಧ್ವನಿಗೆ ಅವಳು ಕುಸಿದಳು. "ಆಸ್ಪತ್ರೆಯಲ್ಲಿದ್ರು ಮೇಡಂ. ಆ ವಾರ ಪೂರ್ತಿ. ನನಗೆ ಗೊತ್ತಿತ್ತು. ಹೇಳಲಿಲ್ಲ. ತಪ್ಪಾಯ್ತು ಸರ್."

ಜಿಗಣೆ ಬೆಪ್ಪಾದಳೋ, ಮೊದಲೇ ಅನುಮಾನವಿತ್ತೋ, ಮುಖ ನೋಡಿ ತಿಳಿಯುವಂತಿರಲಿಲ್ಲ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಮಾತಾಡಿದಾಗ ಸಿಟ್ಟಿರಲಿಲ್ಲ. ಮತ್ತೆ ಪಾಠದ ಮೇಷ್ಟ್ರೇ ಆಗಿದ್ದರು.

"ಕೋಡು ಬರೆಯೋನು ತಪ್ಪು ಮಾಡೇ ಮಾಡ್ತಾನೆ. ಅದಕ್ಕೇ ನಾವು ಪರೀಕ್ಷೆ ಇಟ್ಟಿರೋದು. ಇರಲಿ, ಅದು ಬೇರೆ ಮಾತು. ನೀನು ಒಂದು ವಿಷಯ ಯೋಚನೆ ಮಾಡು. 'ಮೊದಲು ನಾನೆಲ್ಲಿದ್ದೀನಿ ಅಂತ ಕೇಳು' ಅನ್ನೋ ಪಾಠ ಈ ಆಫೀಸಲ್ಲಿ ನಾನು ಹೇಳಿಕೊಟ್ಟಿದ್ದು ನಿನ್ನೊಬ್ಬಳಿಗೇ. ಉಳಿದವರಿಗೆಲ್ಲ ಬಣ್ಣದ ಗುಂಡಿಯೇ ಸಾಕಾಯ್ತು. ನೀನೂ ಅದನ್ನ ಬಿಟ್ಟು ಕಾಲವಾಯ್ತು. ಹಾಗಾದ್ರೆ ನೀನು ಇನ್ಯಾರಿಗೆ ಹೇಳಿಕೊಟ್ಟೆ?"

"ನಾನು ಯಾರಿಗೂ..." ಎಂದು ಬಾಯಿ ತೆರೆದವಳ ಕಣ್ಣು ಮೇಜಿನ ಮೇಲೆ ಹೋಯಿತು.

ಕೆಂಪು ಹಿಡಿಯ ಸ್ಕ್ರೂಡ್ರೈವರ್.

ರಜೆಯ ದಿನಗಳಲ್ಲಿ ಮನೆಯ ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಬಿಚ್ಚಿಟ್ಟುಕೊಂಡು ಕೂರುತ್ತಿದ್ದ ತಮ್ಮ. "ಎಷ್ಟು ದಿನ ಅಂತ ಆ ಲಿಫ್ಟಿನ ಕತ್ತಲೆ ಬಾವಿಯೊಳಗೆ ಹಗ್ಗ ಹಿಡ್ಕೊಂಡು ನೇತಾಡಲಿ ಅಕ್ಕಾ? ನಿನ್ನ ಕೆಲಸ ನನಗೂ ಕಲಿಸು," ಎನ್ನುತ್ತಿದ್ದ. ಕಲಿಸಿದ್ದಳು. ಮೇಷ್ಟ್ರು ತನಗೆ ಕಲಿಸಿದ ಕ್ರಮದಲ್ಲೇ. ಮೊದಲು ನಾನೆಲ್ಲಿದ್ದೀನಿ ಅಂತ ಕೇಳು. ಆಮೇಲೆ ಕಂಪೈಲ್ ಮಾಡು. ಆಮೇಲೆ ಪರೀಕ್ಷೆಗಳ ಹೆಸರು ಬರಿ. ತಮ್ಮ ತಪ್ಪದೆ ಪಾಲಿಸುತ್ತಿದ್ದ. ಅವಳನ್ನೇ ಛೇಡಿಸುತ್ತಿದ್ದ: "ಊರಿಗೆಲ್ಲ ಉಪದೇಶ ನಿಂದು! ನಿನ್ನ ಬೆರಳಿಗೆ ಆ ಮೇಲಿನ ಬಾಣ ಬಿಟ್ರೆ ಬೇರೆ ಕೀಲಿ ಗೊತ್ತಾ ಹೇಳು?"

ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ ಅವನು ಬಂದಿದ್ದ. "ಹೊಸ ಪ್ರೋಗ್ರಾಂ ಯಾವಾಗ ಸಿಗುತ್ತೆ ಅಂತ ಕೇಳಿಕೊಂಡು ಹೋಗೋಣ ಅಂತ ಬಂದೆ," ಎಂದಿದ್ದ. ಅಷ್ಟರಲ್ಲಿ ಮೀಟಿಂಗಿಗೆ ಕರೆ ಬಂತು. "ಇಲ್ಲೇ ಕೂತಿರೋ, ಬಂದೆ," ಎಂದು ತನ್ನ ಕುರ್ಚಿಯಲ್ಲೇ ಅವನನ್ನು ಕೂರಿಸಿ ಹೋಗಿದ್ದಳು. ಪರದೆಗೆ ಬೀಗ ಹಾಕಿರಲಿಲ್ಲ. ತಮ್ಮನೆದುರು ಯಾರಾದರೂ ಬೀಗ ಹಾಕುತ್ತಾರೆಯೇ? ವಾಪಸ್ ಬಂದಾಗ ಅವನಿರಲಿಲ್ಲ. ಸ್ಕ್ರೂಡ್ರೈವರ್ ಇತ್ತು.

"ಯಾರಿಗಮ್ಮ ಕಲಿಸಿದ್ದು?" ಜಿಗಣೆ ಕೇಳಿದಳು. ಅವಳ ಕಣ್ಣು ಎಲ್ಲಿತ್ತೆಂದು ನೋಡುವ ಧೈರ್ಯ ಹಸಿರಕ್ಕನಿಗೆ ಆಗಲಿಲ್ಲ.

ಇಷ್ಟು ದಿನ, ನನ್ನ ಪಾಪಕ್ಕೆ ತಮ್ಮ ಒಳಗಿದ್ದಾನೆ ಎಂದು ಅನ್ನ ಇಳಿಯದೆ ಒದ್ದಾಡಿದ್ದಳು. ಈಗ ನಿಜ ಹೇಳಿದರೆ ಅವನು ಹೊರಗೆ ಬರುವುದೇ ಇಲ್ಲ. ಮನೆಯಲ್ಲಿ ಅಮ್ಮ ಬಾಗಿಲಿಗೆ ಅಡ್ಡ ನಿಂತು ಕೇಳುತ್ತಾಳೆ. ಏನಂತ ಹೇಳುವುದು?

ಪಾಠ ಕಲಿಸಿದವಳು ನಾನು. ಕುರ್ಚಿ ಕೊಟ್ಟವಳು ನಾನು. ಓದದೆ ಒತ್ತಿದ ಬೆರಳೂ ನನ್ನದೇ. ಇನ್ನು ಬಾಕಿ ಉಳಿದದ್ದು ಎಷ್ಟು?

"ಯಾರಿಗೂ ಇಲ್ಲ," ಎಂದಳು. "ನಾನೇ ಬರೆದದ್ದು."

ಮೇಷ್ಟ್ರು ತಟ್ಟನೆ ತಿರುಗಿದರು. ಜಿಗಣೆ ಹುಬ್ಬೇರಿಸಿದಳು.

"ಈಗ ತಾನೇ ನಾನಲ್ಲ ಅಂದೆ."

"ಸುಳ್ಳು ಹೇಳಿದೆ. ಮೀಟಿಂಗ್ ಮುಗಿಸಿ ಬಂದು ನಾನೇ ಕೂತೆ. ಬಾಗಿಲಿಂದು ಓಡಿಸಿದೆ, ಕೆಂಪು ಬಂತು. ಸರಿಪಡಿಸಿ ಅಂತ ವಾಪಸ್ ಕಳಿಸಿದ್ರೆ ತಡವಾಗುತ್ತಿತ್ತು. ಬಿಟ್ಟು ಓಡಿಸೋ ಸಾಲು ಬರೆದಿಟ್ಟೆ. ಮೇಷ್ಟ್ರ ಮೇಲೆ ಅನುಮಾನ ಬರಲಿ ಅಂತ ಅವರ ಕಮಾಂಡ್ ಮೊದಲು ಹಾಕಿದೆ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು. "ಬರ್ಕೊಳ್ಳಿ. ಎಲ್ಲಿ ಬೇಕಾದ್ರೂ ಹೇಳ್ತೀನಿ."

"ಬಾಗಿಲು ಕೆಟ್ಟಿದೆ ಅಂತ ಗೊತ್ತಿತ್ತು ನಿನಗೆ?"

"ಗೊತ್ತಿತ್ತು."

"ಯೋಚನೆ ಮಾಡಿ ಹೇಳು. ಕಣ್ಣು ತಪ್ಪಿ ಆದದ್ದಕ್ಕೆ ಕೆಲಸ ಹೋಗುತ್ತೆ. ಗೊತ್ತಿದ್ದೂ ಮಾಡಿದ್ದಕ್ಕೆ ಜೈಲು."

"ಗೊತ್ತಿತ್ತು ಅಂದೆನಲ್ಲ ಮೇಡಂ."

ಮೇಷ್ಟ್ರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಜಿಗಣೆಯ ಫೋನು ರಿಂಗಾಯಿತು. ಅವಳು ಕಿವಿಗಿಟ್ಟುಕೊಂಡು ಕಿಟಕಿಯ ಬಳಿ ಹೋದಳು. "ಎಚ್ಚರ ಆಯ್ತಾ? ಮಾತಾಡಿದ್ನಾ? ಏನಂದ? ಇನ್ನೊಂದು ಸಲ ಹೇಳಿ, ನಿಧಾನಕ್ಕೆ." ಆಮೇಲೆ ಬರೀ ಹೂಂ, ಹೂಂ.

ವಾಪಸ್ ಬಂದು ಕೂತಾಗ ಅವಳ ಮುಖದಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

"ಕಾವಲುಗಾರ ಕಣ್ಣು ಬಿಟ್ಟಿದ್ದಾನೆ. ಅವನು ಹೇಳಿದ್ದನ್ನ ಹಾಗೇ ಹೇಳ್ತೀನಿ ಕೇಳು. ಲಿಫ್ಟ್ ಜೋಡಿಸಿದ ದಿನವೇ ನಿನ್ನ ತಮ್ಮ ಅವನನ್ನ ಪಕ್ಕಕ್ಕೆ ಕರೆದು, 'ಅಣ್ಣಾ, ಬಾಗಿಲು ತೆರೆದಿರುವಾಗ ಹೊಸ್ತಿಲಲ್ಲಿ ಮಾತ್ರ ನಿಲ್ಲಬೇಡ' ಅಂದಿದ್ನಂತೆ. ಯಾಕಪ್ಪಾ ಅಂತ ಇವನು ಕೇಳಿದ್ದಕ್ಕೆ..." ಅವಳು ಹಸಿರಕ್ಕನ ಕಣ್ಣನ್ನೇ ನೋಡಿದಳು. "'ನಮ್ಮಕ್ಕ ಹೇಳಿದ್ದಾಳೆ' ಅಂದನಂತೆ."

ಹಸಿರಕ್ಕ ಅಂಥ ಮಾತು ಆಡಿರಲೇ ಇಲ್ಲ. ಬಾಗಿಲಿನ ಬಗ್ಗೆ ಅವಳು ತಮ್ಮನಿಗೆ ಒಂದಕ್ಷರ ಹೇಳಿರಲಿಲ್ಲ. ಹೇಳಲು ಅವಳಿಗೇ ಗೊತ್ತಿರಲಿಲ್ಲ.

ಆದರೆ ಗೊತ್ತಿತ್ತು ಎಂದು ಈಗ ತಾನೇ, ಇಬ್ಬರ ಎದುರಿಗೆ, ಎರಡು ಸಲ ಹೇಳಿಯಾಗಿತ್ತು.

ಜಿಗಣೆ ಸ್ಕ್ರೂಡ್ರೈವರನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಹೇಳಮ್ಮಾ," ಎಂದಳು. "ತಮ್ಮನಿಗೆ ಯಾವಾಗ ಹೇಳಿದೆ?"